ತಳವಿಲ್ಲದ ಪುಟ

"ಚಿತ್ರ," ಎಂದಿತು ಫೋನು.

ಸೌಮ್ಯ ಬೆರಳನ್ನು ಬಲಕ್ಕೆ ಸರಿಸಿದಳು.

"ಚಿತ್ರ. ಐಎಂಜಿ ನಾಲ್ಕು ನಾಲ್ಕು ಏಳು ಒಂದು."

ಮತ್ತೆ ಸರಿಸಿದಳು.

"ಚಿತ್ರ. ಅಧ್ಯಕ್ಷರು ಫೈನಲ್. ಚಿತ್ರ. ಅಧ್ಯಕ್ಷರು ಫೈನಲ್ ಹೊಸದು. ಚಿತ್ರ. ಅಧ್ಯಕ್ಷರು ಫೈನಲ್ ಹೊಸದು ಮೀಸೆ ಸರಿ ಮಾಡಿದ್ದು."

"ಮೀಸೆಗೇನಾಗಿತ್ತಂತೆ?" ಎಂದರು ಪ್ರೇಮಮ್ಮ. ಅವರು ಎದುರಿಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕಾಳು ಪಾತ್ರೆಗೆ ಬೀಳುವ ಸದ್ದಿಗಿಂತ ನೆಲಕ್ಕೆ ಬೀಳುವ ಸದ್ದು ಹೆಚ್ಚಾಗಿತ್ತು.

"ಸುಮ್ನಿರಮ್ಮ. ಇನ್ನೇನು ಕೆಳಗೆ ಬಂದ್ಬುಟ್ಟೆ."

ಅಷ್ಟರಲ್ಲಿ ಪುಟ ತಾನೇ ತಿರುಗಿತು. ಬೆರಳು ಎಲ್ಲಿತ್ತೋ ಅಲ್ಲೇ ಇತ್ತು. ಅದರ ಕೆಳಗಿದ್ದ ಮನುಷ್ಯ ಬದಲಾಗಿದ್ದ. "ಚಿತ್ರ," ಎಂದು ಫೋನು ಮೊದಲಿಂದ ಶುರು ಮಾಡಿತು.

ಸೌಮ್ಯಳಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಅದು ಅವಳಿಗೆ ಅಂಥ ದೊಡ್ಡ ಸಂಗತಿಯಲ್ಲ. ಪರದೆಯ ಮೇಲೆ ಬೆರಳು ಸರಿಸಿದರೆ ಅಲ್ಲಿರುವುದನ್ನು ಫೋನು ಓದಿ ಹೇಳುತ್ತದೆ. ಗೋಕುಲಂನಲ್ಲಿ ಯೋಗ ಕಲಿಯಲು ಬಂದು ತಿಂಗಳುಗಟ್ಟಲೆ ಉಳಿಯುವ ವಿದೇಶಿಯರಿಗೆ ಅವಳು ಮಾತಾಡುವ ಕನ್ನಡ ಕಲಿಸುತ್ತಾಳೆ. ಮೊದಲ ಪಾಠದಲ್ಲಿ ನಮಸ್ಕಾರ ಇರುವುದಿಲ್ಲ, 'ಬೇಡ' ಇರುತ್ತದೆ. ಅದನ್ನು ನಗದೆ ಹೇಳಬೇಕು, ಕಾರಣ ಕೊಡದೆ ಹೇಳಬೇಕು. ಕಾರಣ ಕೊಟ್ಟರೆ ಮೈಸೂರಿನವರು ಆ ಕಾರಣಕ್ಕೊಂದು ಪರಿಹಾರ ಹುಡುಕಿ, ಇನ್ನೊಂದು ಹೋಳಿಗೆ ಬಡಿಸಿಯೇ ಬಿಡುತ್ತಾರೆ. ವಿದ್ಯಾರ್ಥಿಗಳನ್ನು ಇದಕ್ಕೆ ಒಪ್ಪಿಸಲು ಅವಳಿಗೆ ಪೂರ್ತಿ ಒಂದು ವಾರ ಬೇಕಾಗುತ್ತದೆ.

ದೊಡ್ಡ ಸಂಗತಿ ಬೇರೆ. ಇಷ್ಟು ವರ್ಷ ಬಸ್ಸಿನ ಬೋರ್ಡು, ಹಾಲಿನ ಪ್ಯಾಕೆಟ್ಟಿನ ತಾರೀಖು, ಮಾತ್ರೆಯ ಹೆಸರು ಎಲ್ಲವನ್ನೂ ಓದುತ್ತಿದ್ದುದು ಪ್ರೇಮಮ್ಮ. ಈಗ ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಅದನ್ನು ಅವರು ಒಪ್ಪುವುದಿಲ್ಲ. ಮೊನ್ನೆ ಗೋಕುಲಂ ಬಸ್ಸು ಎಂದು ಗಟ್ಟಿಯಾಗಿ ಓದಿ ಮಗಳನ್ನು ಹತ್ತಿಸಿ, ತಾವೂ ಹತ್ತಿ, ಇಬ್ಬರೂ ನಂಜನಗೂಡಿನ ದಾರಿ ಹಿಡಿದಿದ್ದರು. "ದೇವರ ದರ್ಶನ ಆಗ್ಲಿ ಅಂತ್ಲೇ ಹತ್ಸಿದ್ದು ಕಣೇ," ಎಂದು ಇವತ್ತಿಗೂ ವಾದಿಸುತ್ತಾರೆ.

ಚಾಮರಾಜಪುರಂನಲ್ಲಿ, ಅವರ ಮನೆಯಿಂದ ಎರಡು ರಸ್ತೆ ಆಚೆಗೆ, ಬೆಳಕಿಂಡಿ ಕಣ್ಣಿನ ಟ್ರಸ್ಟ್ ಇದೆ. ಅದು ಉಚಿತವಾಗಿ ಪೊರೆ ತೆಗೆಸುವ ಕ್ಯಾಂಪ್ ನಡೆಸುತ್ತದೆ. ಕ್ಯಾಂಪಿನ ತಾರೀಖನ್ನು ಟ್ರಸ್ಟಿನ ವೆಬ್ ಪೇಜಿನಲ್ಲಿ ಮಾತ್ರ ಹಾಕುತ್ತಾರೆ. ಹೆಸರನ್ನೂ ಅಲ್ಲೇ ಬರೆಸಬೇಕು. ಹಾಕಿದ ದಿನ ಸಂಜೆಯೊಳಗೆ ಜಾಗ ಮುಗಿದುಹೋಗುತ್ತದೆ. ಹೋದ ಸಲ ಟ್ರಸ್ಟಿನ ಅಧ್ಯಕ್ಷ ಶಿವಮಲ್ಲಪ್ಪನವರೇ ತರಕಾರಿ ಅಂಗಡಿಯ ಮುಂದೆ ಸಿಕ್ಕಿ, "ನಿಮ್ಮ ತಾಯಿ ಹೆಸರು ನಾನೇ ಬರೆಸ್ತೀನಿ ಬುಡಮ್ಮ," ಎಂದಿದ್ದರು. ಅದನ್ನು ನಂಬಿ ತಾಯಿ ಮಗಳು ಹೋದಾಗ ಶಾಮಿಯಾನದ ಕಂಬ ಕೀಳುವ ಸದ್ದು ಕೇಳಿಸಿತ್ತು. ಈ ಸಲ ಸೌಮ್ಯ ಯಾರ ಬಾಯನ್ನೂ ನಂಬುವುದಿಲ್ಲ ಎಂದು ತೀರ್ಮಾನಿಸಿದ್ದಳು. ತಾರೀಖು ಬಿದ್ದ ಕೂಡಲೇ ತಾನೇ ಓದಬೇಕು, ತಾನೇ ಬರೆಸಬೇಕು.

ಪುಟ ಇನ್ನೊಮ್ಮೆ ತಿರುಗಿತು. ಅವಳು ಟ್ರಸ್ಟಿನ ಆಫೀಸಿಗೆ ಫೋನ್ ಮಾಡಿದಳು. ಗುಮಾಸ್ತ ರುದ್ರಸ್ವಾಮಿ ಎತ್ತಿಕೊಂಡರು.

"ತಾರೀಖು ಹಾಕಿದಾರಾ ಸಾರ್?"

"ಹಾಕ್ದಾಗ ಪೇಜಲ್ಲಿ ಬತ್ತದೆ. ನೋಡ್ಕಳಿ ಮೇಡಂ."

"ನನಗೆ ಕಣ್ಣು ಕಾಣಲ್ಲ."

"ಅಂಗಾದ್ರೆ ಸರಿಯಾದ ಕಡೇಗೇ ಫೋನ್ ಮಾಡಿದೀರ. ನಮ್ದು ಕಣ್ಣಿನ ಟ್ರಸ್ಟೇ. ಡೀಟೇಲ್ಸ್ ಎಲ್ಲಾ ಪೇಜಲ್ಲಿ ಐತೆ, ನೋಡ್ಕಳಿ."

ಸೌಮ್ಯ ಕೋಲು ತೆಗೆದುಕೊಂಡು ಎದ್ದಳು.

*

ಟ್ರಸ್ಟಿನ ಕೋಣೆಯಲ್ಲಿ ವಿಭೂತಿಯ ವಾಸನೆ, ಕಾಫಿಯ ವಾಸನೆ, ಮತ್ತು ಮೂರು ಜನ ಟ್ರಸ್ಟಿಗಳು ಇದ್ದರು. ಶಿವಮಲ್ಲಪ್ಪನವರದು ಎಣ್ಣೆ ಮಂಡಿಯಲ್ಲಿ ಕೂಗಿ ಕೂಗಿ ಅಗಲವಾದ ಧ್ವನಿ. ಕಾರ್ಯದರ್ಶಿ ಮಹದೇವಪ್ರಸಾದ್ ವಕೀಲರು. ಪ್ರತಿ ವಾಕ್ಯವನ್ನೂ ಯಾರೋ ಬರೆದುಕೊಳ್ಳುತ್ತಿದ್ದಾರೆಂಬಂತೆ ನಿಧಾನವಾಗಿ ಬಿಡುವವರು. ಖಜಾಂಚಿ ಪುಟ್ಟಬಸಮ್ಮನವರ ಗಂಡ ಟ್ರಸ್ಟಿನ ಕಟ್ಟಡಕ್ಕೆ ಜಾಗ ಕೊಟ್ಟಿದ್ದರಿಂದ, ಆಕೆ ಮಾತಾಡದಿದ್ದರೂ ಆಕೆಯ ಕುರ್ಚಿ ಮಾತಾಡುತ್ತಿತ್ತು. ನಾಲ್ಕನೆಯವಳು ಮಹದೇವಪ್ರಸಾದರ ತಮ್ಮನ ಮಗಳು ಅಕ್ಷತಾ. ವಿಜಯನಗರದ ಮನೆಯ ಮಹಡಿಯಲ್ಲಿ ಕೂತು ವೆಬ್ ಪೇಜುಗಳನ್ನು ವಿನ್ಯಾಸ ಮಾಡುವವಳು. ಪೇಜಿನ ಬಗ್ಗೆ ದೂರು ಬರುತ್ತಿದ್ದುದರಿಂದ 'ಸ್ವಲ್ಪ ಚೆಂದ ಮಾಡಿಕೊಡು' ಎಂದು ಅವಳನ್ನು ಕರೆಸಿದ್ದರು.

"ಚೆಂದ ಆಮೇಲೆ ದೊಡ್ಡಪ್ಪ," ಎನ್ನುತ್ತಿದ್ದಳು ಅಕ್ಷತಾ. "ಹಿಂದುಗಡೆ ದೀಪ ಹಾಕಿದ ಅರಮನೆ ಫೋಟೋ ಇಟ್ಟಿದೀರ. ಅದರ ಮೇಲೆ ಹಳದಿ ಅಕ್ಷರ. ಯಾವುದು ಅಕ್ಷರ ಯಾವುದು ಬಲ್ಬು ಅಂತ ಗೊತ್ತಾಗಲ್ಲ. ನನ್ನ ಕಣ್ಣು ಸಿಕ್ಸ್ ಬೈ ಸಿಕ್ಸ್. ನನಗೇ ಓದಕ್ಕಾಗ್ಲಿಲ್ಲ."

"ಅದು ಒಳ್ಳೇದೇ ಅಲ್ವೇನಮ್ಮ," ಎಂದರು ಶಿವಮಲ್ಲಪ್ಪ. "ಓದಕ್ಕಾಗ್ಲಿಲ್ಲ ಅಂದ್ರೆ ಕಣ್ಣಲ್ಲಿ ಪೊರೆ ಐತೆ ಅಂತ ಜನಕ್ಕೆ ಗೊತ್ತಾಯ್ತದೆ. ಅದೇ ಒಂದು ಟೆಸ್ಟು."

ಸೌಮ್ಯ ಬಾಗಿಲಲ್ಲಿ ನಿಂತು ಕೆಮ್ಮಿದಳು. ತಾನು ಯಾರು, ಯಾಕೆ ಬಂದೆ ಎಂದು ಹೇಳಿದಳು. ಮೇಜಿನ ಮೇಲೆ ಫೋನಿಟ್ಟು ಪೇಜು ತೆರೆದಳು. ಫೋನು ಎಲ್ಲರಿಗೂ ಕೇಳುವಂತೆ ಓದತೊಡಗಿತು. 'ಮೀಸೆ ಸರಿ ಮಾಡಿದ್ದು' ಎಂಬಲ್ಲಿಗೆ ಬಂದಾಗ ಪುಟ್ಟಬಸಮ್ಮನವರ ಕಡೆಯಿಂದ ಬಳೆಯ ಸದ್ದಾಯಿತು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿರಬೇಕು.

"ಈ ಫೋಟೋಗಳು ಯಾಕೆ ತಿರುಗ್ತವೆ?" ಎಂದು ಕೇಳಿದಳು ಸೌಮ್ಯ.

ಮಹದೇವಪ್ರಸಾದ್ ಅದನ್ನು ಬಿಡಿಸಿ ಹೇಳಿದರು. ಮೊದಲು ಟ್ರಸ್ಟು ಕ್ಯಾಂಪಿಗೆ ಕರಪತ್ರ ಹಂಚುತ್ತಿತ್ತು. ಕರಪತ್ರದಲ್ಲಿ ಒಬ್ಬರ ಹೆಸರು ಇನ್ನೊಬ್ಬರ ಹೆಸರಿನ ಕೆಳಗೇ ಬರಬೇಕು. ಒಂದು ವರ್ಷ ಕೆಳಗೆ ಬಂದವರು ಮುಂದಿನ ವರ್ಷ ಸಭೆಗೇ ಬರಲಿಲ್ಲ. ಆಗ ಮಹದೇವಪ್ರಸಾದರೇ ವೆಬ್ ಪೇಜಿನ ವಿಚಾರ ತಂದದ್ದು. ಅದಕ್ಕೆ ತಳವೇ ಇಲ್ಲ. ಎಷ್ಟು ಜನರನ್ನು ಬೇಕಾದರೂ ಇಳಿಸುತ್ತ ಹೋಗಬಹುದು. ಎಲ್ಲರೂ ಸಂತೋಷಪಟ್ಟರು. ತಳ ಇಲ್ಲದಿದ್ದರೂ ತಲೆ ಇದೆ ಎಂಬುದು ಆಮೇಲೆ ಗೊತ್ತಾಯಿತು. ಆದ್ದರಿಂದ ಫೋಟೋಗಳನ್ನು ತಿರುಗುವಂತೆ ಮಾಡಿದರು. ಪ್ರತಿಯೊಬ್ಬರೂ ಒಂದೊಂದು ಕ್ಷಣ ಮೊದಲಿಗರು.

"ನ್ಯಾಯಸಮ್ಮತವಾದ ವ್ಯವಸ್ಥೆ," ಎಂದು ಮುಗಿಸಿದರು ಅವರು.

"ತಾರೀಖು ಎಲ್ಲಿ ತಿರುಗುತ್ತೆ?" ಎಂದಳು ಸೌಮ್ಯ.

"ತಾರೀಖು ಕೆಳಗಡೆ ಬರ್ತದೆ. ಅದಕ್ಕೇನು, ಅದು ಬೇಜಾರು ಮಾಡ್ಕೊಳಲ್ಲ," ಎಂದರು ಶಿವಮಲ್ಲಪ್ಪ.

ಅಕ್ಷತಾ ಉಸಿರು ಬಿಟ್ಟಳು. ಆಮೇಲೆ ಕ್ಲಾಸಿನಲ್ಲಿ ಹೇಳುವಂತೆ ಹೇಳಿದಳು. ಬಿಳಿಯ ಮೇಲೆ ಕಪ್ಪು ದೊಡ್ಡ ಅಕ್ಷರ ಇರಬೇಕು. ತಾರೀಖನ್ನು ಚಿತ್ರದೊಳಗೆ ಬರೆಯದೆ ಅಕ್ಷರದಲ್ಲೇ ಹಾಕಬೇಕು. ಮತ್ತೆ, ಪ್ರತಿ ಚಿತ್ರದ ಹಿಂದೆ ಒಂದು ಸಣ್ಣ ವಿವರಣೆ ಬರೆಯಬೇಕು. ಅದು ನೋಡುವವರಿಗೆ ಕಾಣುವುದಿಲ್ಲ. ಕಣ್ಣು ಕಾಣದವರಿಗೆ ಫೋನು ಓದಿ ಹೇಳುತ್ತದೆ.

"ತಡಿಯಮ್ಮ," ಎಂದರು ಶಿವಮಲ್ಲಪ್ಪ. ಕುರ್ಚಿ ಮುಂದಕ್ಕೆ ಎಳೆದ ಸದ್ದಾಯಿತು. "ಅಂದ್ರೆ ನನ್ನ ಫೋಟೋ ಬಗ್ಗೆ ಏನಾದ್ರೂ ಬರೀಬೇಕು?"

"ಹೌದು ಅಂಕಲ್."

"ಅದನ್ನ ಫೋನು ಓದ್ತದೆ? ಜೋರಾಗಿ?"

"ಜೋರಾಗಿ."

"ಎಷ್ಟುದ್ದ ಬರೀಬಹುದು?"

"ಒಂದು ಸಾಲು ಸಾಕು ಅಂಕಲ್."

"ಸಾಕು ಅಂದ್ರೆ, ಲಿಮಿಟ್ಟಾ?"

"ಲಿಮಿಟ್ ಅಂತ ಏನಿಲ್ಲ, ಆದ್ರೆ..."

ಆ 'ಆದರೆ'ಯನ್ನು ಯಾರೂ ಕೇಳಲಿಲ್ಲ. ಕೋಣೆ ಮೌನವಾಯಿತು. ಸೌಮ್ಯಳಿಗೆ ಮೌನಗಳ ಪರಿಚಯ ಚೆನ್ನಾಗಿದೆ. ವಿದ್ಯಾರ್ಥಿಗಳು ಕ್ರಿಯಾಪದ ಹುಡುಕುವಾಗಲೂ ಇಂಥದೇ ಬರುತ್ತದೆ. ಮೂರು ಜನ ಮನಸ್ಸಿನೊಳಗೇ ಬರೆಯಲು ಶುರು ಮಾಡಿದ್ದರು.

*

ಹೊಸ ಪೇಜು ತಯಾರಾದಾಗ ಮಹದೇವಪ್ರಸಾದ್ ತಾವೇ ಫೋನ್ ಮಾಡಿ ತಿಳಿಸಿದರು. "ನಿಮ್ಮ ಆಕ್ಷೇಪಣೆಯನ್ನು ಪೂರ್ಣವಾಗಿ ಪರಿಗಣಿಸಲಾಗಿದೆ," ಎಂದರು. ಈಗ ಫೋಟೋಗಳು ತಿರುಗುವುದಿಲ್ಲ, ಮೂವರದೂ ಅಕ್ಕಪಕ್ಕ ಒಂದೇ ಸಾಲಿನಲ್ಲಿ, ಒಂದೇ ಅಳತೆಯಲ್ಲಿ ನಿಂತಿವೆ ಎಂದರು. ಸೌಮ್ಯ ಫೋನನ್ನು ಹಾಸಿಗೆಯ ಮೇಲಿಟ್ಟು ಕೂತಳು. ಪ್ರೇಮಮ್ಮ ಪಕ್ಕಕ್ಕೆ ಬಂದರು.

"ಚಿತ್ರ," ಎಂದಿತು ಫೋನು. "ಜರಿಯ ಮೈಸೂರು ಪೇಟ, ರೇಷ್ಮೆ ಶಲ್ಯ ಧರಿಸಿ, ಅಗಲವಾದ ಹಣೆಯಲ್ಲಿ ಮೂರು ಬೆರಳಿನ ವಿಭೂತಿಯಿಂದ ಕಂಗೊಳಿಸುತ್ತಿರುವ, ಕೊಡುಗೈ ದಾನಿ, ಎಣ್ಣೆ ವರ್ತಕರ ಆಶಾಕಿರಣ, ಬಡವರ ಬಂಧು, ಮಾನ್ಯ ಅಧ್ಯಕ್ಷರಾದ ಶ್ರೀ ಶಿವಮಲ್ಲಪ್ಪನವರು ಮಂದಹಾಸ ಬೀರುತ್ತಿರುವುದು. ಮೀಸೆ ಅವರದೇ."

"ಪಾಪ, ಮೀಸೆ ವಿಷ್ಯ ಮನಸ್ಸಿಗೆ ಹಚ್ಕೊಂಡಿದಾರೆ," ಎಂದರು ಪ್ರೇಮಮ್ಮ.

"ಚಿತ್ರ. ಕಪ್ಪು ಕೋಟು ಧರಿಸಿರುವ ಶ್ರೀ ಮಹದೇವಪ್ರಸಾದ್ ಅವರು. ಸದರಿಯವರ ಹಿಂದೆ ಕಾಣುವ ಪುಸ್ತಕಗಳೆಲ್ಲ ಸದರಿಯವರು ಓದಿರುವಂಥವು. ಸದರಿ ಪುಸ್ತಕಗಳ ಹೆಸರುಗಳು ಎಡದಿಂದ ಬಲಕ್ಕೆ ಈ ಕೆಳಕಂಡಂತಿವೆ."

ಪುಸ್ತಕಗಳ ಹೆಸರು ಬಂದವು. ಮೇಲಿನ ಕಪಾಟು ಮುಗಿದು ಕೆಳಗಿನ ಕಪಾಟು ಶುರುವಾಯಿತು. ಪ್ರೇಮಮ್ಮ ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿ ವಾಪಸ್ ಬಂದರೂ ವಕೀಲರು ಇನ್ನೂ ಬಾಡಿಗೆ ಕಾಯ್ದೆಯಲ್ಲೇ ಇದ್ದರು.

"ಚಿತ್ರ. ಶ್ರೀಮತಿ ಪುಟ್ಟಬಸಮ್ಮನವರು. ಈ ಫೋಟೋದಲ್ಲಿ ದಪ್ಪ ಕಾಣುತ್ತಾರೆ. ನಿಜವಾಗಿ ಅಷ್ಟಿಲ್ಲ. ತೆಗೆದವನಿಗೆ ಕೈ ಸರಿ ಇರಲಿಲ್ಲ. ಸೀರೆ ಸೊಸೆ ಕೊಡಿಸಿದ್ದಲ್ಲ, ಸ್ವಂತದ್ದು. ಸೊಸೆಯ ವಿಷಯ ಮುಂದೆ ಹೇಳಲಾಗಿದೆ."

"ಅಯ್ಯೋ, ಜೋರು ಮಾಡೇ," ಎಂದರು ಪ್ರೇಮಮ್ಮ, ಹತ್ತಿರಕ್ಕೆ ಸರಿದು.

ಸೊಸೆಯ ವಿಷಯ ಮುಖ್ಯ ಘಟ್ಟಕ್ಕೆ ಬರುವಾಗ ಫೋನಿನ ಬ್ಯಾಟರಿ ಮುಗಿದುಹೋಯಿತು. ತಾರೀಖು ಹಾಕಿದ್ದಾರೋ ಇಲ್ಲವೋ ತಿಳಿಯಲೇ ಇಲ್ಲ. ಪ್ರೇಮಮ್ಮನಿಗೆ ಅದರ ಚಿಂತೆ ಇರಲಿಲ್ಲ. ಊಟಕ್ಕೆ ಕೂತಾಗ, "ಆ ಸೊಸೆ ಏನ್ ಮಾಡಿರ್ಬೋದು?" ಎಂದು ಎರಡು ಸಲ ಕೇಳಿದರು. ಅನ್ನವನ್ನು ತಟ್ಟೆಯ ಅಂಚಿಗೆ ಬಡಿಸಿದ್ದರು. ಅರ್ಧ ಮಣೆಯ ಮೇಲೆ ಬಿದ್ದಿತ್ತು. ಸೌಮ್ಯಳ ಕೈಗೆ ಅದು ತಾಗಿತು. ಅವಳು ಎತ್ತಿ ತಟ್ಟೆಗೆ ಹಾಕಿಕೊಂಡಳು.

ಮರುದಿನ ಮಹದೇವಪ್ರಸಾದ್ ಮತ್ತೆ ಫೋನ್ ಮಾಡಿದರು. "ಕೇಳಿದಿರಾ?"

"ನೀವು ಕೇಳಿದ್ರಾ ಸಾರ್?"

"ನಾನೇ ಬರೆದದ್ದಲ್ಲವೇ."

"ಬರ್ದಿದೀರ. ಕೇಳಿಲ್ಲ. ಮೂರೂ ಜನ ಒಟ್ಟಿಗೆ ಕೂತು ಒಂದು ಸಲ ಕೇಳಿ. ನಾನು ಬರ್ತೀನಿ."

*

ಸೌಮ್ಯ ಒಂದೇ ನಿಯಮ ಹಾಕಿದಳು. ಎಲ್ಲರೂ ಕಣ್ಣು ಮುಚ್ಚಬೇಕು, ತಾರೀಖು ಸಿಗುವ ತನಕ ತೆರೆಯಬಾರದು. ಯಾರು ತೆರೆಯುತ್ತಾರೆ ಎಂದು ಅಕ್ಷತಾ ಕಾವಲು. ಪ್ರೇಮಮ್ಮನೂ ಬಂದಿದ್ದರು, ಸೊಸೆಯ ವಿಷಯಕ್ಕಾಗಿ.

ಫೋನು ಶುರು ಮಾಡಿತು. ಶಿವಮಲ್ಲಪ್ಪನವರ ಭಾಗ ಬಂದಾಗ ಅವರು ಗಂಟಲಲ್ಲೇ ಮೆಲ್ಲಗೆ ಹೂಂಗುಟ್ಟಿದರು, ಹರಿಕಥೆ ಕೇಳುವವರ ಹಾಗೆ. 'ಬಡವರ ಬಂಧು' ಎಂಬಲ್ಲಿ ಮಹದೇವಪ್ರಸಾದರ ಕುರ್ಚಿ ಕಿರುಗುಟ್ಟಿತು.

"ಇದು ಚಿತ್ರದ ವಿವರಣೆಯಲ್ಲ," ಎಂದರು ಅವರು. "ಬಡವರ ಬಂಧು ಎಂಬುದು ಫೋಟೋದಲ್ಲಿ ಕಾಣುವ ಸಂಗತಿಯಲ್ಲ."

"ನಿನ್ ಪುಸ್ತಕ ಓದಿರೋದು ಕಾಣ್ತದೇನಪ್ಪ?" ಎಂದರು ಶಿವಮಲ್ಲಪ್ಪ.

"ಅಂಕಲ್, ಕಣ್ಣು," ಎಂದಳು ಅಕ್ಷತಾ.

ಪುಸ್ತಕಗಳು ಬಂದವು. ಎರಡನೇ ಕಪಾಟಿನ ಹೊತ್ತಿಗೆ ಶಿವಮಲ್ಲಪ್ಪನವರ ಉಸಿರು ಗೊರಕೆಯ ಹತ್ತಿರಕ್ಕೆ ಬಂದಿತ್ತು. ಪುಟ್ಟಬಸಮ್ಮ ಅವರನ್ನು ತಿವಿದು ಎಬ್ಬಿಸಿ, "ನನ್ದು ಬರೋವಾಗ ಎದ್ದಿರ್ಬೇಕು," ಎಂದರು. ಆದರೆ ಅವರದು ಬಂದಾಗ, 'ದಪ್ಪ ಕಾಣುತ್ತಾರೆ' ಎಂದು ಫೋನು ಭಾವವಿಲ್ಲದ ಧ್ವನಿಯಲ್ಲಿ ಹೇಳಿದ್ದೇ ತಡ, ಅವರೇ ಮೇಜು ಕುಟ್ಟಿದರು.

"ನಿಲ್ಲಿಸ್ರೀ! ಇದೇನು, ಬೀದಿಲಿ ನಿಂತು ಕೂಗಿದಂಗೆ!"

"ನೀವೇ ಬರೆಸಿದ್ದು ಆಂಟಿ."

"ಬರ್ಸ್ದಾಗ ಮೆತ್ತಗೆ ಇತ್ತು ಕಣಮ್ಮ."

"ಸೊಸೆ?" ಎಂದರು ಪ್ರೇಮಮ್ಮ.

ಆಮೇಲೆ ಕತ್ತರಿಸುವ ಕೆಲಸ ಶುರುವಾಯಿತು. ಯಾರೂ ತಮ್ಮದನ್ನು ಕತ್ತರಿಸಲಿಲ್ಲ, ಪಕ್ಕದವರದನ್ನು ಕತ್ತರಿಸಿದರು. ಅದು ಬಹಳ ಬೇಗ ಸಾಗಿತು. ಪೇಟ ಹೋಯಿತು, ಕಪಾಟು ಹೋಯಿತು, ಸೀರೆ ಹೋಯಿತು. ಮೀಸೆಯನ್ನು ಉಳಿಸಿಕೊಳ್ಳಲು ಶಿವಮಲ್ಲಪ್ಪ ಸ್ವಲ್ಪ ಹೋರಾಡಿದರು. ಕೊನೆಗೆ ಮೂರು ಹೆಸರುಗಳು ಮಾತ್ರ ಉಳಿದವು. ಎಲ್ಲರೂ ಒಪ್ಪಿದರು.

"ಸರಿ," ಎಂದಳು ಸೌಮ್ಯ. "ಯಾವುದನ್ನ ಮೊದಲು ಓದ್ಬೇಕು?"

ಅವರು ಒಮ್ಮೆಲೇ ತಬ್ಬಿಬ್ಬಾದರು. ಅಕ್ಕಪಕ್ಕ, ಒಂದೇ ಸಾಲು, ಒಂದೇ ಅಳತೆ ಎಂಬುದೆಲ್ಲ ಕಣ್ಣಿಗೆ. ಕಿವಿಗೆ ಅಕ್ಕಪಕ್ಕ ಇಲ್ಲ. ಒಬ್ಬರಾದ ಮೇಲೆ ಒಬ್ಬರೇ ಬರಬೇಕು.

"ಅಧ್ಯಕ್ಷ ಮೊದಲು. ಅದರಲ್ಲೇನು ಮಾತು?" ಎಂದರು ಶಿವಮಲ್ಲಪ್ಪ.

"ಬೈಲಾದಲ್ಲಿ ಹಾಗೆಂದು ಎಲ್ಲಿಯೂ ಇಲ್ಲ," ಎಂದರು ಮಹದೇವಪ್ರಸಾದ್.

"ಜಾಗ ಯಾರ್ದು?" ಎಂದರು ಪುಟ್ಟಬಸಮ್ಮ.

"ಮೂರೂ ಹೆಸರನ್ನ ಒಟ್ಟಿಗೆ ಓದ್ಸಕ್ಕಾಗಲ್ವಾ? ಭಜನೆ ಥರ?" ಎಂದರು ಶಿವಮಲ್ಲಪ್ಪ.

"ಆಗಲ್ಲ ಅಂಕಲ್."

ಕಾಫಿ ಬಂತು, ಆರಿತು. ಒಂದು ಹಂತದಲ್ಲಿ ಮಹದೇವಪ್ರಸಾದ್ ರಾಜೀನಾಮೆ ಎಂಬ ಪದ ಬಳಸಿದರು. ಪುಟ್ಟಬಸಮ್ಮ ಜಾಗ ವಾಪಸ್ ಎಂಬ ಪದ ಬಳಸಿದರು. ಬಾಗಿಲ ಹತ್ತಿರ ಲೋಟ ಎತ್ತಲು ಬಂದಿದ್ದ ರುದ್ರಸ್ವಾಮಿ, ಬೇಗ ಮನೆಗೆ ಹೋಗುವ ಆಸೆಯಿಂದ, "ಯಾರ್ದೂ ಬ್ಯಾಡ ಅಂದ್ರೆ ತಾರೀಖ್ನೇ ಮೊದ್ಲು ಓದ್ಸಿ," ಎಂದುಬಿಟ್ಟರು.

ತಾರೀಖಿನ ಮೇಲೆ ಯಾರಿಗೂ ದ್ವೇಷ ಇರಲಿಲ್ಲ. ಅದು ಟ್ರಸ್ಟಿಯಲ್ಲ, ಯಾರ ಕಡೆಯದೂ ಅಲ್ಲ, ಮುಂದಿನ ಸಲ ಬದಲಾಗುವಂಥದು. ಹೆಸರುಗಳೂ ಫೋಟೋಗಳೂ 'ನಮ್ಮವರು' ಎಂಬ ಬೇರೆಯೇ ಪುಟಕ್ಕೆ ಹೋಗಲಿ, ಅಲ್ಲಿಯ ಕ್ರಮವನ್ನು ಮುಂದಿನ ಸಭೆ ತೀರ್ಮಾನಿಸಲಿ ಎಂದು ಮಹದೇವಪ್ರಸಾದ್ ಠರಾವು ಹೇಳಿದರು. ಮುಂದಿನ ಸಭೆ ಯಾವತ್ತೂ ಅದನ್ನು ತೀರ್ಮಾನಿಸುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಒಪ್ಪಿದರು.

ಅವರ ಮನಸ್ಸು ಬದಲಾಗುವ ಮೊದಲೇ ಅಕ್ಷತಾ ಕೀಲಿಮಣೆ ಬಡಿಯತೊಡಗಿದಳು. ತಾರೀಖನ್ನು ಅಲ್ಲೇ ಕೇಳಿ ಅಲ್ಲೇ ಹಾಕಿದಳು.

"ನೋಡಿ ಅಕ್ಕ ಈಗ," ಎಂದಳು.

ಸೌಮ್ಯ ಬೆರಳಿಟ್ಟಳು.

"ಉಚಿತ ಕಣ್ಣಿನ ಪೊರೆ ಚಿಕಿತ್ಸಾ ಶಿಬಿರ," ಎಂದಿತು ಫೋನು. "ಮಾರ್ಚ್ ಒಂಬತ್ತು, ಭಾನುವಾರ. ಚಾಮರಾಜಪುರಂ. ಬಟನ್. ಹೆಸರು ನೋಂದಾಯಿಸಿ."

ಅಷ್ಟೆ. ಅವಳು ಇನ್ನೊಮ್ಮೆ ಮೊದಲಿಂದ ಕೇಳಿದಳು, ನಂಬಲಾಗದೆ. ಆಮೇಲೆ ಬಟನ್ ಒತ್ತಿ ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದಳು. ಪ್ರೇ. ಮ.

"ಚೆನ್ನಾಗೇನೋ ಐತೆ," ಎಂದರು ಶಿವಮಲ್ಲಪ್ಪ. ಅವರು ಲ್ಯಾಪ್‌ಟಾಪಿನ ಕಡೆ ಬಾಗಿದ್ದರು. ಧ್ವನಿ ಆ ಕಡೆಯಿಂದ ಬಂತು. "ಆದ್ರೆ ಮೇಲ್ಗಡೆ ಬೋಳು ಬೋಳು. ದೇವರಿಲ್ಲದ ಗೂಡು ಇದ್ದಂಗೈತೆ. ಯಾರಾದ್ರೂ ಒಬ್ರು ಇರ್ಬೇಕಪ್ಪ."

"ಯಾರು?" ಎಂದರು ಪುಟ್ಟಬಸಮ್ಮ ತಕ್ಷಣ.

ಕೋಣೆಯಲ್ಲಿ ಮತ್ತೆ ಆ ಮೌನ. ಸೌಮ್ಯಳ ಬೆರಳು ನಿಂತಿತು. ಮೂರು ತಲೆಗಳು ತನ್ನ ಕಡೆ ತಿರುಗುತ್ತಿರುವುದು ಅವಳಿಗೆ ಹೇಗೋ ತಿಳಿಯಿತು.

"ಈಯಮ್ಮಂದು ಹಾಕಿದ್ರೆ?" ಎಂದರು ಶಿವಮಲ್ಲಪ್ಪ. "ನಮ್ಮ ಮೂವರಲ್ಲಿ ಯಾರೂ ಅಲ್ಲ. ಯಾರಿಗೂ ಬೇಜಾರಿಲ್ಲ."

"ಸರ್ವಸಮ್ಮತ," ಎಂದರು ಮಹದೇವಪ್ರಸಾದ್.

"ಪಾಪ, ಲಕ್ಷಣವಾಗಿದಾಳೆ," ಎಂದರು ಪುಟ್ಟಬಸಮ್ಮ. "ಸಣ್ಣಗಿದಾಳೆ ಬೇರೆ."

ಆಮೇಲೆ ಅದು ತಾನಾಗಿಯೇ ಬೆಳೆಯಿತು. ಕ್ಯಾಂಪಿನ ದಿನ ವೇದಿಕೆಯ ಮೇಲೆ ಸನ್ಮಾನ. ಪೇಟ, ಶಲ್ಯ, ಹಣ್ಣಿನ ಬುಟ್ಟಿ. ಪೇಟ ಬೇಕಾದರೆ ತಮ್ಮದೇ ಕೊಡುತ್ತೇನೆ ಎಂದರು ಶಿವಮಲ್ಲಪ್ಪ. ವಿವರಣೆಯನ್ನು ಸೌಮ್ಯಳೇ ಬರೆಯಬಹುದು, ಲಿಮಿಟ್ ಇಲ್ಲ. "ಫೋಟೋ ಹಾಕೋ ತನಕ ಪೇಜ್ ಕೆಳಗಿಳ್ಸಮ್ಮ," ಎಂದು ಅವರು ಅಕ್ಷತಾಳಿಗೆ ಹೇಳಿದರು. ಅಕ್ಷತಾಳ ಕಡೆಯಿಂದ ಕೀಲಿಮಣೆಯ ಸದ್ದು ಬರಲಿಲ್ಲ. ರುದ್ರಸ್ವಾಮಿ ಆಗಲೇ ಮೊಬೈಲ್ ಹಿಡಿದಿದ್ದರು. "ಸ್ವಲ್ಪ ನಗಿ ಮೇಡಂ. ಈ ಕಡೆ. ಇಲ್ಲಿ, ನನ್ ದನಿ ಕಡೆ."

ಸೌಮ್ಯ ನಗಲಿಲ್ಲ. ಮೆಲ್ಲಗೆ ಮೂರನೆಯ ಅಕ್ಷರ ಒತ್ತಿದಳು. ಒತ್ತಕ್ಷರ ಸಿಕ್ಕಿತು.

ಪ್ರೇಮಮ್ಮ ಅವಳ ತೋಳು ಹಿಡಿದುಕೊಂಡರು. ಅವರ ಧ್ವನಿ ಬೇರೆಯಾಗಿತ್ತು. ಸೊಸೆಯ ಬಗ್ಗೆ ಕೇಳುವ ಧ್ವನಿಯಲ್ಲ.

"ಹಾಕ್ಸ್ಕೊಳ್ಳೇ. ಕಣ್ಣಿನ ಕಟ್ಟು ಬಿಚ್ತಾರಲ್ಲ, ಆಗ ಮೊದಲು ಅದನ್ನೇ ನೋಡ್ತೀನಿ."

"ಮೊದಲು ನನ್ನನ್ನೇ ನೋಡಮ್ಮ. ಪಕ್ಕದಲ್ಲೇ ಇರ್ತೀನಿ."

"ಅದೂ ಇದೂ ಬೇರೆ ಕಣೇ."

ಬೇರೆಯೇ ಇರಬಹುದು. ಸೌಮ್ಯಳಿಗೆ ಗೊತ್ತಿಲ್ಲ. ಅವಳ ಬೆರಳು 'ಸಲ್ಲಿಸಿ' ಎಂಬ ಬಟನ್ ಮೇಲೆ ಎರಡು ಸಲ ತಟ್ಟಿತು. ಫೋನು ಯೋಚಿಸಿತು. "ಪ್ರೇಮಮ್ಮ. ನೋಂದಣಿ ಆಗಿದೆ," ಎಂದಿತು. ಅವಳು ಮತ್ತೆ ಪುಟದ ತಲೆಗೆ ಹೋದಳು. ಮೊದಲ ಮಾತೇ ಶಿಬಿರ, ಎರಡನೆಯದು ತಾರೀಖು. ಈ ಊರಿನಲ್ಲಿ ಇನ್ನೆಷ್ಟೋ ಬೆರಳುಗಳು ಇವತ್ತು ಸಂಜೆಯೊಳಗೆ ಅಲ್ಲಿಗೆ ಬಂದು ತಡಕಾಡಲಿವೆ. ಫೋಟೋ ಹಾಕಿಸಿಕೊಂಡರೆ ಅವು ಮೊದಲು ತಾಗುವುದು, "ಚಿತ್ರ. ಸೌಮ್ಯ," ಎಂಬುದಕ್ಕೆ.

"ಏನಮ್ಮ, ರೆಡೀನಾ?" ಎಂದರು ಶಿವಮಲ್ಲಪ್ಪ. ಅವರ ಅಗಲವಾದ ಧ್ವನಿಯಲ್ಲಿ ನಿಜವಾದ ಪ್ರೀತಿಯಿತ್ತು. "ಎಲ್ಲಾರ್ಗಿಂತ ಮೇಲೆ. ನಮಗೆ ಯಾರ್ಗೂ ಸಿಗದೇ ಇರೋ ಜಾಗ ಕಣಮ್ಮ ಅದು."

"ಬೇಡ," ಎಂದಳು ಸೌಮ್ಯ.